ಮೂರೂವರೆ ಸಾವಿರ ಡಾಲರಿಗೆ ಮೊದಲ ಡ್ಯುಯಲ್ ಸ್ಪೋರ್ಟ್: ಚೀನಾದ ಹೊಸದೋ, ಜಪಾನಿನ ಹಳೆಯದೋ?

ರಿಯೊ ರಾಂಚೊ ಗದಗಿನವ | 2022 ಮಾರ್ಚ್ 6

ಎಲ್ಲರಿಗೂ ನಮಸ್ಕಾರ. ಗದಗ ಜಿಲ್ಲೆಯವನು, ಈಗ ನ್ಯೂ ಮೆಕ್ಸಿಕೊದ ರಿಯೊ ರಾಂಚೊದಲ್ಲಿ ಕೆಲಸದಲ್ಲಿದ್ದೇನೆ. ಬೈಕಿನ ಅನುಭವ ಎಂದರೆ ಅಪ್ಪನ ಹೀರೋ ಹೋಂಡಾ ಸಿಡಿ 100 ಮೇಲೆ ಹೊಲಕ್ಕೆ ಹೋಗಿ ಬಂದದ್ದು. ಅದಾಗಿ ಹದಿನೈದು ವರ್ಷವಾಯಿತು. ಅಮೆರಿಕದಲ್ಲಿ ಇದುವರೆಗೆ ಬೈಕ್ ಮುಟ್ಟಿಲ್ಲ, ಪರವಾನಗಿಯೂ ಇಲ್ಲ.

ಆಸೆ ಹುಟ್ಟಿದ್ದು ಹೋದ ಅಕ್ಟೋಬರಿನಲ್ಲಿ. ನಮ್ಮಲ್ಲಿಂದ ವಾಯವ್ಯಕ್ಕೆ ರಿಯೊ ಪುಯರ್ಕೊ ಕಣಿವೆ, ಅಲ್ಲಿ ಕ್ಯಾಬೆಜಾನ್ ಎಂಬ ಒಂಟಿ ಗುಡ್ಡ. ಹಳೆಯ ಜ್ವಾಲಾಮುಖಿಯ ಹೊರಮೈ ಸವೆದುಹೋಗಿ ಒಳಗಿನ ಕಲ್ಲು ಮಾತ್ರ ಉಳಿದು ನಿಂತಿದೆ. ಅದನ್ನು ನೋಡಲು ಕಾರಿನಲ್ಲಿ ಹೊರಟೆವು. ಡಾಂಬರು ಮುಗಿದು ಮಣ್ಣಿನ ದಾರಿ ಶುರುವಾದ ಸ್ವಲ್ಪ ಹೊತ್ತಿಗೆಲ್ಲ ಕಾರಿನ ಹೊಟ್ಟೆ ನೆಲಕ್ಕೆ ಉಜ್ಜತೊಡಗಿತು. ಹೆಂಡತಿ ಮಕ್ಕಳು ಜೊತೆಗಿದ್ದರು, ತಿರುಗಿಸಿದೆ. ಆಗ ವಯಸ್ಸಾದವರೊಬ್ಬರು ತೆಳ್ಳಗಿನ ಬೈಕಿನ ಮೇಲೆ ಎದ್ದು ನಿಂತುಕೊಂಡೇ, ಆತುರವಿಲ್ಲದೆ, ನಮ್ಮ ಪಕ್ಕದಿಂದ ಗುಡ್ಡದ ಕಡೆಗೆ ಹೋದರು. ಆ ಬೈಕಿಗೆ ನಂಬರ್ ಪ್ಲೇಟ್ ಇತ್ತು, ಇಂಡಿಕೇಟರ್ ಇತ್ತು. ಹೆದ್ದಾರಿಯಲ್ಲೂ ಹೋಗುವ, ಕಚ್ಚಾ ದಾರಿಯಲ್ಲೂ ಹೋಗುವ ಇಂಥದ್ದಕ್ಕೆ ಡ್ಯುಯಲ್ ಸ್ಪೋರ್ಟ್ ಎನ್ನುತ್ತಾರೆಂದು ಮನೆಗೆ ಬಂದ ಮೇಲೆ ತಿಳಿಯಿತು.

ಕೈಯಲ್ಲಿರುವುದು 3,500 ಡಾಲರ್. ಹೆಲ್ಮೆಟ್, ಬೂಟು, ಕೈಗವಸು ಎಲ್ಲವೂ ಇದರೊಳಗೇ ಆಗಬೇಕು. ಕವಾಸಾಕಿ ಕೆಎಲ್‌ಎಕ್ಸ್ 230 ಬೈಕು 2020ರಲ್ಲಿ ಬಂದಾಗಲೇ 4,599 ಡಾಲರ್, ಹೋಂಡಾ ಸಿಆರ್‌ಎಫ್ 300ಎಲ್ 2021ರಲ್ಲಿ 5,249. ಕಂಪನಿ ಹೇಳುವ ಈ ಬೆಲೆಯ ಮೇಲೆ ಸಾಗಣೆ, ತೆರಿಗೆ ಬೇರೆ. ಚೀನಾದಿಂದ ಬರುವ ಟಿಟಿ250, ಹಾಕ್ 250 ಮೊದಲಾದವು ಇದರ ಅರ್ಧದ ಆಸುಪಾಸಿಗೆ ಹೊಸದೇ ಸಿಗುತ್ತವೆ. ನನ್ನಂಥ ಹೊಸಬ ಅವನ್ನು ನಂಬಬಹುದೇ? ದಯವಿಟ್ಟು ಅನುಭವದಿಂದ ಹೇಳಿ.

ಇನ್‌ಲ್ಯಾಂಡ್ ಸವಾರ | 2022 ಮಾರ್ಚ್ 6

ಸರ್, ನಾನು ಕ್ಯಾಲಿಫೋರ್ನಿಯಾದ ರಿವರ್‌ಸೈಡ್‌ನಲ್ಲಿದ್ದೇನೆ. ನನ್ನದು ಟಿಟಿ250, ನಾಲ್ಕು ವರ್ಷವಾಯಿತು. ಚೀನಾದ ಝೊಂಗ್‌ಶೆನ್ ಕಾರ್ಖಾನೆಯಲ್ಲಿ ತಯಾರಾಗುತ್ತದೆ. ತರಿಸಿ ಮಾರುವುದು ಇಲ್ಲಿನ ಅಜೂಸಾ ಊರಿನ ಸಿಎಸ್‌ಸಿ ಎಂಬ ಕಂಪನಿ.

ಮೊದಲು ಎಂಜಿನ್ ವಿಷಯ ಹೇಳುತ್ತೇನೆ, ಏಕೆಂದರೆ ಹೊಸಬರು ಹೆದರುವುದು ಅಲ್ಲಿಯೇ. ಈ 229 ಸಿಸಿ ಎಂಜಿನ್ ಚೀನಾದವರು ಶೂನ್ಯದಿಂದ ಕಟ್ಟಿದ್ದಲ್ಲ. ಇದರ ಮೂಲ ಹೋಂಡಾ ಸಿಜಿ125. ಎಣ್ಣೆ ಬದಲಿಸದೆ, ಭಾರ ಹೇರಿ, ದಿನವಿಡೀ ಓಡಿಸುವ ಊರುಗಳಿಗೆಂದೇ ಹೋಂಡಾ ಅದನ್ನು 1976ರಲ್ಲಿ ತಂದಿತು. ನಮ್ಮ ಸಿಡಿ 100, ಸ್ಪ್ಲೆಂಡರ್‌ಗಳಲ್ಲಿ ಕ್ಯಾಮ್ ಶಾಫ್ಟ್ ಮೇಲೆ, ಸಿಲಿಂಡರ್ ಹೆಡ್‌ನಲ್ಲಿ ಇರುತ್ತದೆ, ಅದಕ್ಕೆ ಎಣ್ಣೆ ಏರಿ ಹೋಗಬೇಕು. ಸಿಜಿಯಲ್ಲಿ ಕ್ಯಾಮ್ ಕೆಳಗೇ ಇದೆ. ಅಲ್ಲಿಂದ ಎರಡು ಕಡ್ಡಿಗಳು ಮೇಲೆ ಹೋಗಿ ವಾಲ್ವ್‌ಗಳನ್ನು ಒತ್ತುತ್ತವೆ. ಹಳೆಯ ಮಾದರಿ, ಹೆಚ್ಚು ಸುತ್ತು ತಿರುಗುವುದಿಲ್ಲ, ಆದರೆ ಉಪೇಕ್ಷೆಯನ್ನು ತಾಳಿಕೊಳ್ಳುತ್ತದೆ. ಪಾಕಿಸ್ತಾನದಲ್ಲಿ ಆ ಸಿಜಿ125 ಇವತ್ತಿಗೂ ತಯಾರಾಗುತ್ತಿದೆ.

ಟ್ಯಾಪೆಟ್ ಸೆಟ್ ಮಾಡುವುದನ್ನು, ಎಂದರೆ ವಾಲ್ವ್ ಒತ್ತುವ ತುದಿಯ ಸಣ್ಣ ಅಂತರ ಸರಿಪಡಿಸುವುದನ್ನು, ನಾನು ಈ ಬೈಕಿನ ಮೇಲೆಯೇ ಕಲಿತೆ. ಬೆಳಿಗ್ಗೆ, ಎಂಜಿನ್ ಪೂರ್ತಿ ತಣ್ಣಗಿರುವಾಗ ಪ್ಲಗ್ ಬಿಚ್ಚಬೇಕು. ಎಡಗಡೆಯ ಮುಚ್ಚಳ ತೆಗೆದು ಎಂಜಿನನ್ನು ಕೈಯಿಂದ ತಿರುಗಿಸುತ್ತಾ ಹೋದರೆ ಸಣ್ಣ ಕಿಂಡಿಯಲ್ಲಿ ‘ಟಿ’ ಗುರುತು ಕಾಣುತ್ತದೆ. ಕಡ್ಡಿಯ ಒತ್ತನ್ನು ವಾಲ್ವ್‌ಗೆ ದಾಟಿಸುವ ಎರಡೂ ರಾಕರ್‌ಗಳು ಬೆರಳಿಗೆ ಸಡಿಲವಾಗಿ ಅಲುಗಿದರೆ ಸರಿಯಾದ ಜಾಗ. ಅಲುಗದಿದ್ದರೆ ಇನ್ನೊಂದು ಸುತ್ತು. ಅಂತರ ಅಳೆಯುವ ಫೀಲರ್ ಗೇಜಿನ ತಗಡನ್ನು ತೂರಿಸಿ ಎಳೆದಾಗ, ಒದ್ದೆ ಕಾಗದವನ್ನು ಗಾಜಿನ ಮೇಲಿಂದ ಎಳೆದ ಹಾಗೆ ಸ್ವಲ್ಪ ಹಿಡಿದು ಬರಬೇಕು. ಮೊದಲ ಸಲ ನನಗೆ ಎರಡು ಗಂಟೆ ಹಿಡಿಯಿತು, ಈಗ ಅರ್ಧ ಗಂಟೆ.

ಬೆಲೆ ಎರಡು ಸಾವಿರದ ಮೇಲೆ ಚಿಲ್ಲರೆ. ಸಾಗಣೆ, ಜೋಡಣೆ, ತೆರಿಗೆ ಸೇರಿದರೆ ಮೂರು ಸಾವಿರದ ಹತ್ತಿರ ಬರುತ್ತದೆ. ಕೊಳ್ಳಲು ನನ್ನ ಮುಖ್ಯ ಕಾರಣ ಬೆಲೆಯಲ್ಲ. ಬಿಡಿಭಾಗಗಳು ಅಜೂಸಾದಲ್ಲೇ ಇವೆ, ರಿಪೇರಿ ಪುಸ್ತಕ ಇದೆ, ಫೋನ್ ಮಾಡಿದರೆ ಮನುಷ್ಯರು ಎತ್ತುತ್ತಾರೆ.

ಹಳೆಯ ಪಾನಾ | 2022 ಮಾರ್ಚ್ 7

ಡಲ್ಲಾಸ್‌ನಿಂದ. ಓದುವ ಕಾಲದಲ್ಲಿ ದಾವಣಗೆರೆಯ ಒಂದು ಗ್ಯಾರೇಜಿನಲ್ಲಿ ಮೂರು ವರ್ಷ ಕೈ ಮಸಿ ಮಾಡಿಕೊಂಡವನು, ಇಲ್ಲಿಗೆ ಬಂದು ಇಪ್ಪತ್ತಾರು ವರ್ಷವಾಯಿತು.

ಗದಗಿನವರೇ, ಯಾವ ಬೈಕ್ ಎನ್ನುವುದಕ್ಕಿಂತ ಮೊದಲು ನಕ್ಷೆ ತೆರೆಯಿರಿ. ಮಣ್ಣಿನ ದಾರಿಯವರೆಗೆ ಹೇಗೆ ಹೋಗುತ್ತೀರಿ? ಕ್ಯಾಬೆಜಾನ್ ಕಡೆಗೆ ತಿರುಗಬೇಕಾದರೆ ಬರ್ನಲಿಯೊದಿಂದ ಯುಎಸ್ 550 ಹೆದ್ದಾರಿಯಲ್ಲಿ ಸುಮಾರು 40 ಮೈಲಿ. ನಾಲ್ಕು ಪಥದ ರಸ್ತೆ, ಟ್ರಕ್ಕುಗಳು ಎಪ್ಪತ್ತಕ್ಕೆ ಹೋಗುತ್ತವೆ. ಈ 229 ಸಿಸಿ ಎಂಜಿನ್ನುಗಳು 16 ಅಶ್ವಶಕ್ತಿಯ ಆಸುಪಾಸಿನವು, ನೆಮ್ಮದಿಯ ಓಟ ಗಂಟೆಗೆ 55 ಮೈಲಿ. ನೀವಿರುವುದು ಸಮುದ್ರಮಟ್ಟದಿಂದ ಐದು ಸಾವಿರ ಅಡಿಗಿಂತ ಮೇಲೆ. ಸಾವಿರ ಅಡಿಗೆ ನೂರಕ್ಕೆ ಮೂರರಷ್ಟು ಬಲ ಇಳಿಯುತ್ತದೆ ಎಂಬುದು ಮೆಕ್ಯಾನಿಕ್‌ಗಳ ಲೆಕ್ಕ. ಹದಿನಾರು ಹದಿಮೂರೂವರೆಗೆ ಬಂತು. ಎದುರುಗಾಳಿ ಬೀಸಿದರೆ ಇನ್ನೂ ಕಡಿಮೆ. ಬೆನ್ನ ಹಿಂದೆ ಟ್ರಕ್ ಬಂದಾಗ ಮುಂದೆ ಹೋಗಿ ತಪ್ಪಿಸಿಕೊಳ್ಳುವ ಬಲ ಉಳಿದಿರುವುದಿಲ್ಲ. ಹದಿನೈದು ವರ್ಷ ಬೈಕ್ ಮುಟ್ಟದವರು ಮೊದಲ ತಿಂಗಳೇ ಅಲ್ಲಿಗೆ ಹೋಗಬೇಡಿ ಎಂದು ಕೈಮುಗಿದು ಹೇಳುತ್ತೇನೆ. 75 ಮೈಲಿ ಮಿತಿಯ ಐ-25 ಹೆದ್ದಾರಿ ಅಂತೂ ಬೇಡವೇ ಬೇಡ.

ಎರಡನೆಯದು, ನಿಮ್ಮ ಹಣಕ್ಕೆ ಹಳೆಯ ಯಮಾಹಾ ಎಕ್ಸ್‌ಟಿ250 ಹುಡುಕಿ. 2013ರಿಂದ ಈಚಿನದಕ್ಕೆ ಕಾರ್ಬುರೇಟರ್ ಬದಲು ಫ್ಯೂಯಲ್ ಇಂಜೆಕ್ಷನ್ ಇದೆ. ಎತ್ತರ ಬದಲಾದರೂ ಅದು ತಾನೇ ಹೊಂದಿಕೊಳ್ಳುತ್ತದೆ, ಚಳಿಯಲ್ಲಿ ಒಂದೇ ಒತ್ತಿಗೆ ಶುರುವಾಗುತ್ತದೆ. ಐದು ವರ್ಷ ಓಡಿಸಿ ಮಾರಿದರೂ ಕೊಟ್ಟ ಹಣದ ಬಹುಪಾಲು ವಾಪಸ್ಸು ಬರುತ್ತದೆ. ಚೀನಾ ಬೈಕ್ ಮನೆಯ ಬಾಗಿಲು ದಾಟಿದ ದಿನವೇ ಬೆಲೆ ಕಳೆದುಕೊಳ್ಳುತ್ತದೆ. ಹೊಸಬರು ಕಲಿಯಬೇಕಾದದ್ದು ಸವಾರಿ. ಸವಾರಿ ಮತ್ತು ರಿಪೇರಿ ಎರಡನ್ನೂ ಒಟ್ಟಿಗೆ ತಲೆಗೆ ಕಟ್ಟಿಕೊಂಡರೆ ಎರಡೂ ಅರ್ಧಕ್ಕೆ ನಿಲ್ಲುತ್ತವೆ. ಶನಿವಾರ ಬೆಳಿಗ್ಗೆ ಎದ್ದು ಕಾರ್ಬುರೇಟರ್ ಬಿಚ್ಚುತ್ತಾ ಕುಳಿತವರು ಎಷ್ಟೋ ಜನ ಆರು ತಿಂಗಳಿಗೆ ಬೈಕನ್ನೇ ಬಿಟ್ಟಿದ್ದನ್ನು ನಾನು ನೋಡಿದ್ದೇನೆ.

ಕೆಮ್ಮಣ್ಣು | 2022 ಮಾರ್ಚ್ 7

ನಾನು ಜಾರ್ಜಿಯಾದಲ್ಲಿದ್ದೇನೆ. ಪೆಟ್ಟಿಗೆಯಲ್ಲಿ ಮನೆಗೇ ಬರುವ ಚೀನಾ ಬೈಕ್ ತರಿಸಿದವನು. ಬೈಕಿನ ಹೆಸರು, ಮಾರಿದವರ ಹೆಸರು ಇಲ್ಲಿ ಬೇಡ. ನಡೆದದ್ದನ್ನು ಹೇಳುತ್ತೇನೆ, ಉಪಯೋಗವಾದೀತು.

ಲಾರಿಯವನು ರಸ್ತೆ ಬದಿಯವರೆಗೆ ಮಾತ್ರ ತರುತ್ತಾನೆ. ಹಿಂಬದಿಯಿಂದ ಇಳಿಸುವ ಲಿಫ್ಟ್ ಬೇಕೆಂದು ಮೊದಲೇ ಹೇಳಿ ಹಣ ಕಟ್ಟಿರಬೇಕು. ನಾನು ಕಟ್ಟಿರಲಿಲ್ಲ. ಅಕ್ಕಪಕ್ಕದ ಮೂವರನ್ನು ಕರೆದು ಕಬ್ಬಿಣದ ಚೌಕಟ್ಟನ್ನು ಇಳಿಸಿದೆವು. ಒಳಗೆ ಮುಂದಿನ ಚಕ್ರ ಬೇರೆ, ಹ್ಯಾಂಡಲ್ ಬೇರೆ, ಬ್ಯಾಟರಿ ಬೇರೆ, ಮಡ್‌ಗಾರ್ಡ್ ಬೇರೆ. ಜೋಡಣೆಯ ಸೂಚನೆ ಎಂದು ಇದ್ದದ್ದು ಒಂದು ಹಾಳೆ.

ಜೋಡಿಸಿದೆ. ಓಡಿಸುವ ಮೊದಲು ಪ್ರತಿ ಬೋಲ್ಟ್ ಬಿಚ್ಚಿ, ಸಡಿಲವಾಗದಂತೆ ಹಿಡಿಯುವ ನೀಲಿ ಲಾಕ್‌ಟೈಟ್ ಅಂಟು ಹಚ್ಚಿ, ಬಿಗಿ ಅಳೆಯುವ ಟಾರ್ಕ್ ರೆಂಚಿನಿಂದ ಬಿಗಿ ಮಾಡು ಎಂದು ತಿಳಿದವರು ಹೇಳಿದ್ದರು. ನಾನು ಕಣ್ಣಿಗೆ ಕಾಣುವಷ್ಟನ್ನು ಮಾತ್ರ ಬಿಗಿ ಮಾಡಿದೆ. ಮೂರನೆಯ ದಿನ ಹಿಂದಿನ ಬ್ರೇಕ್ ಒತ್ತಿದಾಗ ಕಾಲಿಗೆ ಟಕ್ ಎಂದು ಏನೋ ತಾಗಿದಂತಾಯಿತು. ಇಳಿದು ನೋಡಿದರೆ ಬ್ರೇಕ್ ಪ್ಯಾಡ್ ಒತ್ತುವ ಕ್ಯಾಲಿಪರ್ ಹಿಡಿದಿರುವ ಎರಡು ಬೋಲ್ಟುಗಳಲ್ಲಿ ಒಂದು ಇಲ್ಲ. ಇನ್ನೊಂದು ಬೆರಳಿನಲ್ಲಿ ತಿರುಗುತ್ತಿತ್ತು. ಮನೆಯ ಎದುರಿನ ಬೀದಿ, ಇಪ್ಪತ್ತು ಮೈಲಿ ವೇಗ, ಬದುಕಿದೆ. ಅವತ್ತು ಸಂಜೆ ಕುಳಿತು ಪೂರ್ತಿ ಬೈಕ್ ಬಿಚ್ಚಿದೆ. ಹ್ಯಾಂಡಲ್ ತಿರುಗುವ ತಲೆಯ ಬೇರಿಂಗಿನಲ್ಲಿ ಗ್ರೀಸ್ ಇತ್ತು ಎನ್ನುವುದಕ್ಕೆ ಗುರುತು ಮಾತ್ರ ಇತ್ತು.

ಅದಕ್ಕಿಂತ ದೊಡ್ಡ ಕಷ್ಟ ಕಾಗದದ್ದು. ಹೊಸ ಬೈಕಿಗೆ ಎಂಸಿಒ ಎಂಬ ತಯಾರಕರ ಪ್ರಮಾಣಪತ್ರ ಬರುತ್ತದೆ, ಅದಿಲ್ಲದೆ ನೋಂದಣಿಯಿಲ್ಲ. ನನ್ನದು ಬಂದದ್ದು ಬೈಕ್ ಬಂದ ಹನ್ನೊಂದು ವಾರಕ್ಕೆ. ಅದರಲ್ಲಿದ್ದ ವಾಹನದ ಗುರುತಿನ ಸಂಖ್ಯೆಗೂ, ಎಂದರೆ 17 ಅಕ್ಷರಗಳ ವಿಐಎನ್‌ಗೂ, ಚಾಸಿಯ ಮೇಲೆ ಕೊರೆದದ್ದಕ್ಕೂ ಒಂದು ಅಂಕಿ ವ್ಯತ್ಯಾಸ. ಕೌಂಟರಿನಲ್ಲಿದ್ದ ಹೆಂಗಸು ಎರಡು ಸಲ ಓದಿ, ಕನ್ನಡಕ ತೆಗೆದಿಟ್ಟು, ಆಗುವುದಿಲ್ಲ ಎಂದರು. ಅವರ ತಪ್ಪೇನೂ ಇಲ್ಲ. ಸರಿಪಡಿಸಿದ ಕಾಗದ ಬರಲು ಇನ್ನೂ ಎರಡು ತಿಂಗಳು. ಬೇಸಿಗೆಯಿಡೀ ಬೈಕ್ ಗ್ಯಾರೇಜಿನಲ್ಲಿ ನಿಂತಿತು.

ಈಗ ಆ ಬೈಕ್ ಚೆನ್ನಾಗಿ ಓಡುತ್ತಿದೆ, 3,000 ಮೈಲಿ ದಾಟಿದೆ. ನಾನು ಅದನ್ನು ದ್ವೇಷಿಸುವುದಿಲ್ಲ. ಆದರೆ ಲಾರಿಯವನ ಕಾಗದಕ್ಕೆ ಸಹಿ ಹಾಕುವ ಮೊದಲೇ ಚಾಸಿಯ ನಂಬರ್ ಓದಿಕೊಳ್ಳಿ, ಎಂಸಿಒದ ಚಿತ್ರವನ್ನು ಹಣ ಕೊಡುವ ಮೊದಲೇ ಕೇಳಿ. ಬೀದಿಯಲ್ಲಿ ಓಡಿಸಲು ಒಪ್ಪಿಗೆಯಿರುವ ಬೈಕೇ ಎಂಬುದನ್ನು ಚಾಸಿಯ ಮೇಲಿನ ಚೀಟಿಗಳಲ್ಲಿ ನೋಡಿ. ಸಾರಿಗೆ ಸುರಕ್ಷತೆಯದು ಒಂದು, ಪರಿಸರ ಸಂಸ್ಥೆ ಇಪಿಎಯ ಹೊಗೆಯದು ಒಂದು, ಎರಡೂ ಇರಬೇಕು.

ಇನ್‌ಲ್ಯಾಂಡ್ ಸವಾರ | 2022 ಮಾರ್ಚ್ 7

ಕೆಮ್ಮಣ್ಣು ಅವರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ನಾವು ಕೆಲಸಕ್ಕಾಗಿ ರಾಜ್ಯ ಬದಲಿಸುವವರು. ನಾಳೆ ನಿಮಗೆ ಕ್ಯಾಲಿಫೋರ್ನಿಯಾದಲ್ಲಿ ಕೆಲಸ ಸಿಕ್ಕಿತು ಎನ್ನಿ. ಇಲ್ಲಿನ ಹೊಗೆ ನಿಯಮಕ್ಕೆ ಒಪ್ಪಿಗೆ ಪಡೆಯದ ಬೈಕ್ 7,500 ಮೈಲಿಗಿಂತ ಕಡಿಮೆ ಓಡಿದ್ದರೆ ಅದನ್ನು ಹೊಸದೆಂದೇ ಎಣಿಸುತ್ತಾರೆ, ನೋಂದಣಿ ಮಾಡುವುದಿಲ್ಲ. ಡ್ಯುಯಲ್ ಸ್ಪೋರ್ಟ್ ಮೇಲೆ ಅಷ್ಟು ಮೈಲಿ ಕೂಡಿಬರಲು ವರ್ಷಗಳೇ ಬೇಕು. ಇಪಿಎ ಚೀಟಿಯಲ್ಲಿ ಕ್ಯಾಲಿಫೋರ್ನಿಯಾದ ಮಾತೂ ಇದೆಯೇ ಎಂದು ಓದಿ ಕೊಳ್ಳಿ.

ರಿಯೊ ರಾಂಚೊ ಗದಗಿನವ | 2022 ಮಾರ್ಚ್ 8

ಎಲ್ಲರಿಗೂ ಧನ್ಯವಾದ. ಬ್ರೇಕ್ ಬೋಲ್ಟಿನ ಕಥೆಯನ್ನು ಹೆಂಡತಿಗೂ ಓದಿ ಹೇಳಿದೆ. ಪೆಟ್ಟಿಗೆ ಬೈಕ್ ಬೇಡವೆಂದು ಇಬ್ಬರೂ ತೀರ್ಮಾನಿಸಿದೆವು.

ಪಾನಾ ಸರ್, ಎಕ್ಸ್‌ಟಿ250 ಹುಡುಕಿದೆ. ನಮ್ಮ ಸುತ್ತ ಇರುವವು ಮೂರು, ಎಲ್ಲಕ್ಕೂ 3,800ಕ್ಕಿಂತ ಮೇಲೆ ಕೇಳುತ್ತಿದ್ದಾರೆ. ಇನ್ನೊಂದು ಯೋಚನೆ: ರಾಯಲ್ ಎನ್‌ಫೀಲ್ಡ್ ಹಿಮಾಲಯನ್ ಹೇಗೆ? 2018ರಲ್ಲಿ ಇಲ್ಲಿಗೆ ಬಂದಾಗ 4,499 ಡಾಲರ್ ಇತ್ತು. ಹಳೆಯದು ಸಿಕ್ಕರೆ ಸ್ವಲ್ಪ ಹಣ ಹೊಂದಿಸಬಲ್ಲೆ. ಚೆನ್ನೈಯಿಂದ ಬಂದ ಬೈಕ್ ಇಲ್ಲಿ ಓಡಿಸುವುದೆಂದರೆ ಮನಸ್ಸಿಗೆ ಒಂದು ಸಂತೋಷ. ನನ್ನ ಎತ್ತರ ಐದು ಅಡಿ ಐದು ಅಂಗುಲ.

ಕೊಲೊರಾಡೊ ಕನ್ನಡತಿ | 2022 ಮಾರ್ಚ್ 8

ನಮಸ್ಕಾರ ಸರ್. ನಾನು ಫೋರ್ಟ್ ಕಾಲಿನ್ಸ್‌ನಲ್ಲಿದ್ದೇನೆ, ಎತ್ತರ ಐದು ಅಡಿ ಒಂದು ಅಂಗುಲ. ಯಮಾಹಾ ಟಿಡಬ್ಲ್ಯು200 ಓಡಿಸುತ್ತೇನೆ. 1987ರಿಂದ ಹೆಚ್ಚು ಕಡಿಮೆ ಅದೇ ರೂಪದಲ್ಲಿ ಬರುತ್ತಿರುವ ಬೈಕ್, ದಪ್ಪ ಟೈರಿನದು.

ಸೀಟಿನ ಎತ್ತರವನ್ನು ನಾವು ಕುಳ್ಳಗಿನವರು ಮೊದಲು ನೋಡಬೇಕು. ಕೆಎಲ್‌ಎಕ್ಸ್ 230, ಸಿಆರ್‌ಎಫ್ 300ಎಲ್ ಎರಡೂ 34 ಅಂಗುಲದ ಮೇಲೆ. ಎಕ್ಸ್‌ಟಿ250 31.9, ಹಿಮಾಲಯನ್ 31.5, ನನ್ನದು 31.1. ಅಂಗುಲದ ಲೆಕ್ಕ ಕಾಗದದ ಮೇಲೆ ಚಿಕ್ಕದಾಗಿ ಕಾಣುತ್ತದೆ. ಇಳಿಜಾರಿನಲ್ಲಿ ನಿಂತು, ಎಡಗಾಲು ಕೆಳಗಿಟ್ಟಾಗ ಅಲ್ಲಿ ನೆಲ ಎರಡು ಅಂಗುಲ ತಗ್ಗಿದ್ದರೆ ಬೈಕ್ ಆ ಕಡೆಗೇ ಮಲಗುತ್ತದೆ.

ಮಲಗಿದ್ದನ್ನು ಎತ್ತುವವರು ನೀವೇ. ಹಿಮಾಲಯನ್ 420 ಪೌಂಡ್. ನನ್ನದು 280ರ ಒಳಗೆ, ಎಕ್ಸ್‌ಟಿ 290. ನಾನು ಕಳೆದ ವರ್ಷ ಒಂದೇ ದಿನ ಐದು ಸಲ ಎತ್ತಿದ್ದೇನೆ. ಹ್ಯಾಂಡಲನ್ನು ಪೂರ್ತಿ ತಿರುಗಿಸಿ, ಬೈಕಿಗೆ ಬೆನ್ನು ಕೊಟ್ಟು ಕುಳಿತು, ಒಂದು ಕೈ ಹಿಡಿಯ ಮೇಲೆ, ಒಂದು ಕೈ ಹಿಂದಿನ ಚಾಸಿಯ ಮೇಲೆ ಇಟ್ಟು ಕಾಲಿನ ಬಲದಿಂದ ಹಿಂದಕ್ಕೆ ನಡೆಯಬೇಕು. ಐದನೆಯ ಸಲಕ್ಕೆ ತೊಡೆ ನಡುಗುತ್ತಿತ್ತು. ಅದು ಹಿಮಾಲಯನ್ ಆಗಿದ್ದರೆ ಎರಡನೆಯ ಸಲಕ್ಕೇ ಯಾರಾದರೂ ಬರಲಿ ಎಂದು ಕಾಯುತ್ತಾ ಕೂರಬೇಕಾಗಿತ್ತು. ನಮ್ಮ ದೇಶದ ಬೈಕ್ ಎಂಬ ಪ್ರೀತಿ ನನಗೂ ಇದೆ, ರಸ್ತೆಯ ದೂರ ಪ್ರಯಾಣಕ್ಕೆ ಅದು ಒಳ್ಳೆಯ ಬೈಕ್. ಒಬ್ಬರೇ ಮಣ್ಣಿನ ದಾರಿ ಕಲಿಯುವವರಿಗೆ ಹಗುರವಾದದ್ದೇ ಬೇಕು.

ಇನ್ನೊಂದು ವಿನಂತಿ: ಬೈಕ್ ಕೊಳ್ಳುವ ಮೊದಲು ಸವಾರರ ಸುರಕ್ಷತೆಯ ಸಂಸ್ಥೆ ಎಂಎಸ್‌ಎಫ್‌ನ ಬೇಸಿಕ್ ರೈಡರ್ ಕೋರ್ಸ್ ಮುಗಿಸಿ. ಬೈಕ್ ಅವರೇ ಕೊಡುತ್ತಾರೆ. ಪಾಸಾದರೆ ಹಲವು ರಾಜ್ಯಗಳಲ್ಲಿ ಪರವಾನಗಿಗೆ ಬೇರೆ ಸವಾರಿ ಪರೀಕ್ಷೆ ಇರುವುದಿಲ್ಲ. ಊರಿನಲ್ಲಿ ಓಡಿಸಿದ್ದೇನೆ ಎಂಬ ಧೈರ್ಯದಿಂದ ಹೋದ ನನಗೆ ಅಲ್ಲಿ ತಿಳಿದದ್ದೇನೆಂದರೆ, ನಾನು ಅಷ್ಟು ವರ್ಷ ಮುಂದಿನ ಬ್ರೇಕನ್ನೇ ಸರಿಯಾಗಿ ಬಳಸಿರಲಿಲ್ಲ.

ಸಕಲೇಶಪುರ ತೋಟ | 2022 ಮಾರ್ಚ್ 9

ಊರಿನಿಂದ ಓದುತ್ತಿದ್ದೇನೆ. ಹೀರೋ ಎಕ್ಸ್‌ಪಲ್ಸ್ 200 ನನ್ನದು, 2019ರಲ್ಲಿ ಬಂದ ಹೊಸದರಲ್ಲೇ ತೆಗೆದುಕೊಂಡೆ. ತೋಟದ ದಾರಿಯಲ್ಲಿ ಮಳೆಗಾಲ ಪೂರ್ತಿ ಅದೇ. ಇಲ್ಲಿ ನಮಗೆ ಈ ಕಷ್ಟಗಳಿಲ್ಲ, ಲಕ್ಷದ ಆಸುಪಾಸಿಗೆ ಬೈಕ್, ಪೇಟೆಯಲ್ಲೇ ಬಿಡಿಭಾಗ.

ಗದಗಿನವರೇ, ನೀವು ಹೋಗಬೇಕೆಂದಿರುವ ಕಣಿವೆಯ ಮಣ್ಣು ಎಂಥದ್ದು? ಮರಳೋ, ಜಿಗಟೋ? ಬೈಕಿಗಿಂತ ಟೈರಿನ ಆಯ್ಕೆ ಅದರ ಮೇಲೆ ನಿಂತಿದೆ. ನಮ್ಮ ಕಡೆ ಜಿಗಟು ಮಣ್ಣಿಗೆ ರಬ್ಬರಿನ ಗುಬುಟು ದೂರ ದೂರ ಇರುವ ಟೈರ್ ಹಾಕುತ್ತೇವೆ, ತಿರುಗುವಾಗ ಮಣ್ಣನ್ನು ತಾನೇ ಎಸೆಯುತ್ತದೆ. ಗುಬುಟು ಹತ್ತಿರ ಹತ್ತಿರ ಇದ್ದರೆ ನೂರು ಮೀಟರಿಗೆ ಟೈರ್ ಬೋಳಾಗುತ್ತದೆ. ಮಣ್ಣಿಗೆ ಇಳಿಯುವ ಮೊದಲು ಗಾಳಿ ಕಡಿಮೆ ಮಾಡಿ, ಮತ್ತೆ ತುಂಬಲು ಕೈಪಂಪು ಇಟ್ಟುಕೊಳ್ಳಿ. ಎದ್ದು ನಿಂತಾಗ ಮಂಡಿಯಿಂದ ಟ್ಯಾಂಕ್ ಹಿಡಿಯಿರಿ, ಹ್ಯಾಂಡಲನ್ನು ಹಿಂಡಬೇಡಿ. ಮುಂದಿನ ಚಕ್ರ ಅತ್ತಿತ್ತ ಆಡಲಿ ಬಿಡಿ, ಅದಕ್ಕೆ ದಾರಿ ಗೊತ್ತಿದೆ.

ರಿಯೊ ರಾಂಚೊ ಗದಗಿನವ | 2022 ಮಾರ್ಚ್ 9

ತೋಟದವರೇ, ಒಳ್ಳೆಯ ಪ್ರಶ್ನೆ. ಇಲ್ಲಿನವರನ್ನು ಕೇಳಿದೆ. ಒಣಗಿದಾಗ ಕಲ್ಲಿನಂತೆ, ಮಳೆ ಬಿದ್ದರೆ ಯಾವ ಗಾಡಿಯೂ ಹೋಗುವುದಿಲ್ಲ ಎಂದರು. ಕೇಳುತ್ತಿದ್ದಂತೆ ನಮ್ಮ ಎರೆಹೊಲ ಕಣ್ಣ ಮುಂದೆ ಬಂತು.

ಇನ್‌ಲ್ಯಾಂಡ್ ಸವಾರ | 2022 ಮಾರ್ಚ್ 10

ಕಾರ್ಬುರೇಟರ್ ವಿಷಯದಲ್ಲಿ ಪಾನಾ ಅವರು ಹೆದರಿಸಿದಷ್ಟು ಕಷ್ಟ ನಿಮಗಾಗಲಿಕ್ಕಿಲ್ಲ, ಕಾರಣ ಹೇಳುತ್ತೇನೆ. ಹೊಗೆ ನಿಯಮಕ್ಕಾಗಿ ಈ ಬೈಕುಗಳಿಗೆ ಪೆಟ್ರೋಲ್ ಕಡಿಮೆ ಸುರಿಯುವ ಚಿಕ್ಕ ಜೆಟ್, ಎಂದರೆ ಕಾರ್ಬುರೇಟರಿನ ಸಣ್ಣ ತೂತಿನ ತಿರುಪು, ಹಾಕಿರುತ್ತಾರೆ. ಸಮುದ್ರಮಟ್ಟದಲ್ಲಿರುವವರು ಅದಕ್ಕೇ ದೊಡ್ಡ ಜೆಟ್ ಹಾಕಿ ಎಂದು ಎಲ್ಲೆಡೆ ಬರೆಯುತ್ತಾರೆ. ನಿಮ್ಮ ಎತ್ತರದಲ್ಲಿ ಗಾಳಿಯೇ ತೆಳು, ಆದ್ದರಿಂದ ಆ ಚಿಕ್ಕ ಜೆಟ್ಟೇ ಸರಿಹೋಗುವ ಸಂಭವ ಹೆಚ್ಚು. ಮೊದಲು ಹಾಗೆಯೇ ಓಡಿಸಿ, ಪ್ಲಗ್ ಬಿಚ್ಚಿ ಬಣ್ಣ ನೋಡಿ. ಬೆಳ್ಳಗೆ ಸುಟ್ಟಂತಿದ್ದರೆ ಪೆಟ್ರೋಲ್ ಸಾಲದು, ಕಪ್ಪು ಮಸಿ ಹಿಡಿದಿದ್ದರೆ ಹೆಚ್ಚಾಗಿದೆ, ಕಾಫಿ ಬಣ್ಣವಿದ್ದರೆ ಕೈ ಹಚ್ಚಬೇಡಿ.

ಎಣ್ಣೆ ಜೆಎಎಸ್‌ಒ ಎಂಎ ಎಂದು ಬರೆದ ಬೈಕಿನ ಎಣ್ಣೆಯನ್ನೇ ಹಾಕಿ. ಕ್ಲಚ್ ಪ್ಲೇಟುಗಳು ಅದೇ ಎಣ್ಣೆಯಲ್ಲಿ ಮುಳುಗಿರುತ್ತವೆ, ಕಾರಿನ ಎಣ್ಣೆ ಹಾಕಿದರೆ ಜಾರಬಹುದು. ಹೊಸ ಎಂಜಿನ್ ಆದರೆ ಮೊದಲ ಎಣ್ಣೆಯನ್ನು ಬೇಗ ತೆಗೆದುಬಿಡಿ, ಬೆಳಕಿಗೆ ಹಿಡಿದರೆ ಲೋಹದ ಪುಡಿ ಮಿನುಗುವುದು ಕಾಣುತ್ತದೆ.

ಕಾಡಿನ ದಾರಿಗಳಿಗೆ ಅರಣ್ಯ ಇಲಾಖೆಯ ವಾಹನ ನಕ್ಷೆ ಪುಕ್ಕಟೆ ಸಿಗುತ್ತದೆ, ಯಾವ ದಾರಿಗೆ ಯಾವ ಗಾಡಿ ಎಂದು ಅದರಲ್ಲಿರುತ್ತದೆ. ಹೊಗೆಕೊಳವೆಗೆ ಕಿಡಿ ತಡೆಯುವ ಜಾಲರಿ ಇರಲೇಬೇಕು. ಸದ್ದು ಹೆಚ್ಚಲಿ ಎಂದು ಹಿಂದಿನ ಮಾಲೀಕರು ಅದನ್ನು ಕಿತ್ತಿದ್ದರೆ ಆ ಬೈಕ್ ಬಿಡಿ. ನಿಮ್ಮಂಥ ಒಣಕಾಡಿನಲ್ಲಿ ಒಂದು ಕಿಡಿ ಸಾಕು.

ಹಳೆಯ ಪಾನಾ | 2022 ಮಾರ್ಚ್ 12

ಎರಡು ದಿನ ಯೋಚಿಸಿದೆ. ಎಕ್ಸ್‌ಟಿ ನಿಮ್ಮ ಕೈಗೆ ಸಿಗುತ್ತಿಲ್ಲ. ಸಾಲ ಮಾಡಿ ತನ್ನಿ ಎಂದು ನಾನು ಹೇಳಲಾರೆ. ಆದ್ದರಿಂದ ಮೂರನೆಯ ದಾರಿ ಹೇಳುತ್ತೇನೆ.

ಚೀನಾ ಬೈಕ್ ಬೆಲೆ ಕಳೆದುಕೊಳ್ಳುತ್ತದೆ ಎಂದು ನಾನೇ ಬರೆದೆ. ಅದು ಮಾರುವವನಿಗೆ ನಷ್ಟ, ಕೊಳ್ಳುವವನಿಗೆ ಲಾಭ. ಯಾರೋ ಹೊಸದಾಗಿ ಕೊಂಡು, ಬೋಲ್ಟೆಲ್ಲ ಬಿಗಿ ಮಾಡಿ, ಬೇರಿಂಗಿಗೆ ಗ್ರೀಸ್ ತುಂಬಿ, ಸಾವಿರ ಮೈಲಿ ಓಡಿಸಿ, ಇನ್ನು ದೊಡ್ಡದು ಬೇಕೆಂದು ಮಾರುತ್ತಿರುತ್ತಾರೆ. ಹೊಸದರಲ್ಲಿ ಏನೇನು ಕಳಚಬೇಕೋ ಅದೆಲ್ಲ ಅವರ ಕೈಯಲ್ಲೇ ಕಳಚಿ ಸರಿಯಾಗಿರುತ್ತದೆ. ಅಂಥದ್ದನ್ನು ಹುಡುಕಿ. ಟೈಟಲ್, ಎಂದರೆ ಒಡೆತನದ ಕಾಗದ, ಅವರ ಹೆಸರಿನಲ್ಲೇ ಇರಬೇಕು, ನಂಬರ್ ಪ್ಲೇಟ್ ಇರಬೇಕು, ಬಿಡಿಭಾಗ ಇಲ್ಲೇ ದಾಸ್ತಾನಿರುವ ಮಾದರಿ ಆಗಿರಬೇಕು.

ನೋಡಲು ಹೋಗುವಾಗ ಎಂಜಿನ್ ಶುರು ಮಾಡಿಡಬೇಡಿ ಎಂದು ಮೊದಲೇ ಹೇಳಿ. ಹೋದ ತಕ್ಷಣ ಎಂಜಿನ್ ಮುಟ್ಟಿ, ತಣ್ಣಗಿರಬೇಕು. ಬಿಸಿ ಮಾಡಿಟ್ಟಿದ್ದರೆ ತಣ್ಣಗೆ ಶುರುವಾಗದ ದೋಷವನ್ನು ಮುಚ್ಚುತ್ತಿದ್ದಾರೆ. ಮುಂದಿನ ಚಕ್ರ ಎತ್ತಿ ಹ್ಯಾಂಡಲನ್ನು ನಿಧಾನ ತಿರುಗಿಸಿ, ನಡುವೆ ಗುಳಿಯಲ್ಲಿ ಕೂತಂತೆ ಹಿಡಿದರೆ ಬೇರಿಂಗ್ ಹೋಗಿದೆ. ಚಕ್ರದ ಕಡ್ಡಿಗಳನ್ನು ಪಾನಾದಿಂದ ಒಂದೊಂದಾಗಿ ತಟ್ಟಿ ಕೇಳಿ. ಬಿಗಿಯಿದ್ದದ್ದು ಟಿಂಗ್ ಎನ್ನುತ್ತದೆ, ಸಡಿಲವಿದ್ದದ್ದು ಸತ್ತ ಸದ್ದು. ಎಣ್ಣೆ ಯಾವಾಗ ಬದಲಿಸಿದಿರಿ ಎಂದು ಕೇಳಿ, ತಾರೀಖು ಹೇಳುವವರಿಂದ ಕೊಳ್ಳಿ.

ರಿಯೊ ರಾಂಚೊ ಗದಗಿನವ | 2022 ಮೇ 22

ಎರಡು ತಿಂಗಳಾಯಿತು, ಕ್ಷಮಿಸಿ. ಕೋರ್ಸ್ ಮುಗಿಯಿತು, ಪರವಾನಗಿ ಬಂತು. ಅಕ್ಕ ಹೇಳಿದ ಹಾಗೆಯೇ ಆಯಿತು, ಮೊದಲ ದಿನ ಮುಂದಿನ ಬ್ರೇಕ್ ಹಿಡಿದು, ನಿಲ್ಲುವ ಹೊತ್ತಿಗೆ ಬೈಕ್ ಕೆಡವಿದೆ.

ನಿನ್ನೆ ಬೈಕ್ ಮನೆಗೆ ಬಂತು. 2019ರ ಟಿಟಿ250, 1,140 ಮೈಲಿ ಓಡಿದ್ದು, 1,700 ಡಾಲರ್. ಮಾರಿದವರು ನಿವೃತ್ತ ಶಾಲಾ ಮೇಷ್ಟ್ರು, ಮಂಡಿ ನೋವೆಂದು ಬಿಡುತ್ತಿದ್ದಾರೆ. ಎಂಜಿನ್ ತಣ್ಣಗಿತ್ತು. ಕಡ್ಡಿಗಳನ್ನು ತಟ್ಟಿದೆ, ಎಲ್ಲವೂ ಟಿಂಗ್. ಎಣ್ಣೆ ಯಾವಾಗ ಬದಲಿಸಿದಿರಿ ಎಂದು ಕೇಳಿದ್ದಕ್ಕೆ ಅವರು ಒಳಗೆ ಹೋಗಿ ಒಂದು ನೋಟ್‌ಬುಕ್ ತಂದರು. ಮೈಲಿ, ತಾರೀಖು, ಮಾಡಿದ ಕೆಲಸ, ಎಲ್ಲವೂ ಪೆನ್ಸಿಲಿನಲ್ಲಿ, ದುಂಡನೆಯ ಅಕ್ಷರದಲ್ಲಿ ಬರೆದಿತ್ತು. ಟ್ಯಾಪೆಟ್ ಮೂರು ಸಲ ಸೆಟ್ ಮಾಡಿದ್ದಾರೆ. ಪಾನಾ ಸರ್, ನಾನು ಒಂದು ಡಾಲರ್ ಕೂಡ ಚೌಕಾಸಿ ಮಾಡಲಿಲ್ಲ. ಆ ಪುಸ್ತಕ ಹಿಡಿದುಕೊಂಡು ಚೌಕಾಸಿ ಮಾಡಲು ಮನಸ್ಸು ಬರಲಿಲ್ಲ.

ಸೀಟು ನನಗೆ ಸ್ವಲ್ಪ ಎತ್ತರವೇ. ಸೀಟಿನ ಅಂಚಿಗೆ ಸರಿದು ಒಂದು ಕಾಲು ಪೂರ್ತಿ ಊರುವುದನ್ನು ಅಭ್ಯಾಸ ಮಾಡುತ್ತಿದ್ದೇನೆ. ಹೆಲ್ಮೆಟ್, ಕಣಕಾಲು ಮುಚ್ಚುವ ಬೂಟು, ಜಾಕೆಟ್, ಕೈಗವಸಿಗೆ 620 ಆಯಿತು. ಉಳಿದ ಹಣದಲ್ಲಿ ಹೊಸ ಟೈರು, ಕೈಪಂಪು, ಟಾರ್ಕ್ ರೆಂಚ್, ಫೀಲರ್ ಗೇಜ್ ತಂದೆ.

ಕೊಲೊರಾಡೊ ಕನ್ನಡತಿ | 2022 ಮೇ 22

ಓದಿ ತುಂಬಾ ಸಂತೋಷವಾಯಿತು ತಮ್ಮಾ. ಬೂಟಿಗೆ ಹಣ ಹಾಕಿದ್ದು ಎಲ್ಲಕ್ಕಿಂತ ಒಳ್ಳೆಯ ಕೆಲಸ.

ರಿಯೊ ರಾಂಚೊ ಗದಗಿನವ | 2022 ಜುಲೈ 18

ಕ್ಯಾಬೆಜಾನ್‌ಗೆ ಹೋಗಿ ಬಂದೆ. ಅದಕ್ಕೆ ಮೊದಲು ಎರಡು ತಿಂಗಳು ಮನೆಯ ಪಶ್ಚಿಮದ ಮಣ್ಣಿನ ದಾರಿಗಳಲ್ಲಿ, ಒಮ್ಮೆ ಹೇಮೆಸ್ ಬೆಟ್ಟದ ಗಿಲ್ಮನ್ ಸುರಂಗಗಳವರೆಗೆ ಓಡಿಸಿದ್ದೆ. 550ರಲ್ಲಿ ಭಾನುವಾರ ಬೆಳಿಗ್ಗೆ ಆರಕ್ಕೆ ಹೊರಟೆ, ಟ್ರಕ್ಕುಗಳು ಕಡಿಮೆ. ಬಲಗಡೆಯ ಪಥದಲ್ಲಿ 55ಕ್ಕೆ ಹೋದೆ, ಪಾನಾ ಸರ್ ಹೇಳಿದ ಎದುರುಗಾಳಿ ಏರಿನಲ್ಲಿ ಸಿಕ್ಕಿ 48ಕ್ಕೆ ಇಳಿಸಿತು.

ಗುಡ್ಡದ ಬುಡದಲ್ಲಿ ರೊಟ್ಟಿ, ಶೇಂಗಾ ಚಟ್ನಿ ತಿಂದು ಹೊರಡುವಾಗ ಹನ್ನೊಂದೂವರೆ. ಪಡುವಣದಲ್ಲಿ ಮೋಡ ಕಟ್ಟಿತು. ಇಲ್ಲಿ ಜುಲೈನಿಂದ ಮಧ್ಯಾಹ್ನದ ಮಳೆ ಶುರುವಾಗುತ್ತದೆ ಎಂದು ಗೊತ್ತಿದ್ದೂ ತಡ ಮಾಡಿದ್ದು ನನ್ನ ತಪ್ಪು. ಹತ್ತು ನಿಮಿಷ ಸುರಿಯಿತು, ಅಷ್ಟೇ. ನೆಲ ನೋಡನೋಡುತ್ತಿದ್ದಂತೆ ಬಣ್ಣ ಬದಲಿಸಿತು. ಐವತ್ತು ಗಜ ಹೋಗುವಷ್ಟರಲ್ಲಿ ಮುಂದಿನ ಮಡ್‌ಗಾರ್ಡಿಗೂ ಟೈರಿಗೂ ನಡುವೆ ಮಣ್ಣು ಮೆತ್ತಿ ಚಕ್ರ ತಿರುಗುವುದೇ ನಿಂತಿತು. ಬೈಕ್ ಬೀಳಲಿಲ್ಲ, ಮಣ್ಣೇ ಹಿಡಿದುಕೊಂಡಿತ್ತು.

ಎರೆಹೊಲದಲ್ಲಿ ಮಳೆಗೆ ಸಿಕ್ಕಿದಾಗ ಅಪ್ಪ ಚಕ್ಕಡಿಯನ್ನು ಅಲ್ಲೇ ಬಿಟ್ಟು, ಎತ್ತು ಬಿಚ್ಚಿ, ಬನ್ನಿಗಿಡದ ಕೆಳಗೆ ಕೂರುತ್ತಿದ್ದರು. ನಾನೂ ಕೂತೆ. ಒಂದು ಕಡ್ಡಿಯಿಂದ ಮಡ್‌ಗಾರ್ಡಿನೊಳಗಿನ ಮಣ್ಣನ್ನು ಕೆದಕಿ ತೆಗೆದೆ, ಅದೇ ಕಪ್ಪು, ಅದೇ ಅಂಟು, ವಾಸನೆ ಮಾತ್ರ ಬೇರೆ. ಮೂರು ಗಂಟೆಯ ಬಿಸಿಲಿಗೆ ಮೇಲ್ಪದರ ಒಣಗಿತು. ದಾರಿಯ ಅಂಚಿನ ಹುಲ್ಲಿನ ಮೇಲೆ ಒಂದನೇ ಗೇರಿನಲ್ಲಿ ಎರಡು ಮೈಲಿ ನೂಕಿಕೊಂಡು, ಓಡಿಸಿಕೊಂಡು ಡಾಂಬರಿಗೆ ಬಂದೆ. ಕ್ಲಚ್ ಕಾದು ವಾಸನೆ ಬಂತು, ಆಮೇಲೆ ಸರಿಹೋಯಿತು.

ಸಕಲೇಶಪುರ ತೋಟ | 2022 ಜುಲೈ 19

ಮುಂದಿನ ಮಡ್‌ಗಾರ್ಡನ್ನು ಟೈರಿಗೆ ಅಂಟಿಕೊಳ್ಳದಂತೆ ಮೇಲಕ್ಕೆ ಎತ್ತಿ ಕೂರಿಸಬಹುದು. ನಾಲ್ಕು ಬೋಲ್ಟಿಗೆ ನಾಲ್ಕು ಬುಷ್, ಎಂದರೆ ಸಣ್ಣ ಕೊಳವೆ ತುಂಡು, ಕೊಟ್ಟರೆ ಸಾಕು, ಚಿತ್ರ ಕಳಿಸುತ್ತೇನೆ.

ಹಳೆಯ ಪಾನಾ | 2022 ಜುಲೈ 19

ಕ್ಲಚ್ ಅಷ್ಟು ಕಾದಿದ್ದರೆ ಎಣ್ಣೆಯನ್ನು ಈ ವಾರವೇ ಬದಲಿಸಿ, ಮೈಲಿ ಲೆಕ್ಕ ನೋಡುತ್ತಾ ಕೂರಬೇಡಿ. ಕ್ಲಚ್ ಕೇಬಲಿನ ಸಡಿಲ ಎಷ್ಟಿದೆ ನೋಡಿ. ಚಕ್ರದ ಬೇರಿಂಗಿನೊಳಗೆ ಮಣ್ಣು ಹೋಗಿದೆಯೇ ಎಂದು ಎರಡೂ ಚಕ್ರ ಬಿಚ್ಚಿ ನೋಡಿ. ಆಮೇಲೆ ಮೇಷ್ಟ್ರ ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ ಬರೆಯಿರಿ.

ರಿಯೊ ರಾಂಚೊ ಗದಗಿನವ | 2022 ಜುಲೈ 24

ಬರೆದೆ ಸರ್. 1,986 ಮೈಲಿ, ಎಣ್ಣೆ, ಎರಡೂ ಚಕ್ರಕ್ಕೆ ಗ್ರೀಸ್, ಟ್ಯಾಪೆಟ್. ಮೊದಲ ಸಲ ನಾನೇ ಸೆಟ್ ಮಾಡಿದೆ, ಎರಡೂವರೆ ಗಂಟೆ ಹಿಡಿಯಿತು. ಮಗಳು ಟಾರ್ಚ್ ಹಿಡಿದು ‘ಟಿ’ ಗುರುತು ಕಾಣಿಸಿತೆಂದು ಕೂಗಿದಳು. ಮಡ್‌ಗಾರ್ಡಿನ ಬುಷ್ ನಾಳೆ ತರುತ್ತೇನೆ, ತೋಟದವರು ಅಳತೆ ಹೇಳಿ.